ಮನೆಮಂದಿ ಗುಂಪು: ದುಬೈ ಶಾಲೆಯ ಆಫರ್ ಲೆಟರ್, 6,000 ದಿರ್ಹಮ್

ನಾನು, ಬೆಳಿಗ್ಗೆ 7:42
(ಪಿಡಿಎಫ್, 3 ಪುಟ)
ದುಬೈನ ಸಿಬಿಎಸ್‌ಇ ಶಾಲೆಯಿಂದ ಬಂತು. ಹೈಸ್ಕೂಲ್ ಇಂಗ್ಲಿಷ್. ಆಗಸ್ಟ್ 25ಕ್ಕೆ ಸೇರಬೇಕು, 2 ವರ್ಷದ ಕಾಂಟ್ರಾಕ್ಟ್. ಬೇಸಿಕ್ 2,400, ಮನೆ ಬಾಡಿಗೆಗೆ 2,400, ಓಡಾಟಕ್ಕೆ 500, ಇತರೆ 700. ಒಟ್ಟು 6,000 ದಿರ್ಹಮ್. 5 ದಿನದೊಳಗೆ ಸಹಿ ಮಾಡಿ ಕಳಿಸಿ ಅಂದಿದಾರೆ. ಎಲ್ಲರೂ ಓದಿ ಹೇಳಿ.

ದೊಡ್ಡಮ್ಮ, 7:50
ದಿರ್ಹಮಿಗೆ 23 ರೂಪಾಯಿ ಅಂತ ಹಿಡಿದ್ರೆ 6,000 ಅಂದ್ರೆ 1,38,000 ರೂಪಾಯಿ ಕಣೇ! ಇಲ್ಲಿ 28,000ಕ್ಕೆ ಬೆಳಗಿಂದ ಸಂಜೆ ಗಂಟಲು ಹರ್ಕೊಳ್ತಿದೀಯ. ಅಲ್ಲಿ ತೆರಿಗೆನೂ ಇಲ್ಲ. ಎರಡು ವರ್ಷಕ್ಕೆ 33 ಲಕ್ಷ. ಇವತ್ತೇ ಸಹಿ ಹಾಕು.

ಶಾರ್ಜಾ ಚಿಕ್ಕಮ್ಮ, 7:58
ಅಕ್ಕಾ, ಸ್ವಲ್ಪ ತಡಿ. 33 ಲಕ್ಷ ಸಂಬಳದ ಲೆಕ್ಕ, ಉಳಿತಾಯದ ಲೆಕ್ಕ ಅಲ್ಲ. ದಿರ್ಹಮಲ್ಲಿ ಸಿಗೋದು ದಿರ್ಹಮಲ್ಲೇ ಖರ್ಚಾಗುತ್ತೆ. ಮೊದಲು ಖರ್ಚು ಕಳೆದು, ಉಳಿದದ್ದನ್ನ ಮಾತ್ರ 23ರಿಂದ ಗುಣಿಸು.

ಪುಟ್ಟಿ, ತಿಂಗಳ ಲೆಕ್ಕ ಹೀಗೆ ಹಾಕ್ಕೋ. ಅಲ್ ಕುಸೈಸ್ ಕಡೆ ಇನ್ನೊಬ್ಬ ಟೀಚರ್ ಜೊತೆ ಶೇರಿಂಗ್ ರೂಮ್, ಕರೆಂಟು ನೀರು ಸೇರಿ 1,800. ಅಡಿಗೆ ನೀನೇ ಮಾಡ್ಕೊಂಡ್ರೆ ಊಟಕ್ಕೆ 800. ಶಾಲೆ ಬಸ್ ಇಲ್ಲ ಅಂದ್ರೆ ಮೆಟ್ರೋ-ಬಸ್ಸಿನ 30 ದಿನದ ನೋಲ್ ಪಾಸು, 2 ಜೋನಿಗೆ 230. ಫೋನು ಇಂಟರ್ನೆಟ್ 150. ಬಟ್ಟೆ, ಔಷಧಿ, ಕೈಖರ್ಚು 500. ಒಟ್ಟು 3,480. ಉಳಿಯೋದು 2,520. ಅದು ಸುಮಾರು 58,000 ರೂಪಾಯಿ. ಒಳ್ಳೆ ದುಡ್ಡೇ, ಇಲ್ಲ ಅನ್ನಲ್ಲ. ಆದ್ರೆ 1,38,000 ಅಲ್ಲ.

ದೊಡ್ಡಮ್ಮ, 8:03
ಅದ್ಯಾಕೆ ಶೇರಿಂಗ್? ಮನೆ ಬಾಡಿಗೆಗೇ 2,400 ಕೊಡ್ತಿದಾರಲ್ಲ, ಒಂದು ಸಣ್ಣ ಮನೆ ಹಿಡೀಲಿ. ನಾಳೆ ಮದುವೆ ಆದ್ರೆ ಗಂಡನ್ನೂ ಕರ್ಕೊಂಡು ಹೋಗಬಹುದು.

ಶಾರ್ಜಾ ಚಿಕ್ಕಮ್ಮ, 8:15
ವೀಸಾಗೆ ದಾರಿ ಇದೆ ಅಕ್ಕಾ, ಸಂಬಳದ ಷರತ್ತಿಗೆ ಹೊಂದಿದ್ರೆ ಹೆಂಡತಿನೂ ಗಂಡನ್ನ ಸ್ಪಾನ್ಸರ್ ಮಾಡಬಹುದು. ಪೆಟ್ಟು ಬೀಳೋದು ಮನೆ ಹಿಡಿಯುವಾಗ. ದುಬೈನಲ್ಲಿ ಬಾಡಿಗೆ ವರ್ಷದ ಲೆಕ್ಕ, ಮುಂಚಿತವಾಗಿ ಚೆಕ್ ಬರೆದು ಕೊಡಬೇಕು. ಸ್ಟುಡಿಯೋ ಫ್ಲಾಟಿಗೆ ವರ್ಷಕ್ಕೆ 42,000 ಅಂತ ಹಿಡಿ, 4 ಚೆಕ್. ಮೊದಲ ಚೆಕ್ 10,500. ಡಿಪಾಸಿಟ್ ಶೇ. 5, ಅಂದ್ರೆ 2,100. ಬ್ರೋಕರ್ ಕಮಿಷನ್ ಶೇ. 5, ಅದರ ಮೇಲೆ ವ್ಯಾಟ್, 2,205. ಬಾಡಿಗೆ ಕರಾರನ್ನ ಸರ್ಕಾರದಲ್ಲಿ ದಾಖಲಿಸೋ ಇಜಾರಿ ನೋಂದಣಿ 220. ದೇವಾ ಅಂದ್ರೆ ಅಲ್ಲಿನ ಕರೆಂಟು ನೀರಿನ ಇಲಾಖೆ, ಅದಕ್ಕೆ ಡಿಪಾಸಿಟ್ 2,000, ಸಂಪರ್ಕ ಶುಲ್ಕ 130. ಮೊದಲ ಸಂಬಳ ಕೈಗೆ ಬರೋ ಮುಂಚೆ 17,155 ದಿರ್ಹಮ್, ಹತ್ತಿರ ಹತ್ತಿರ 4 ಲಕ್ಷ ರೂಪಾಯಿ. ಒಳಗೆ ಮಂಚ, ಫ್ರಿಜ್, ಒಲೆ ಏನೂ ಇರಲ್ಲ. ಆಮೇಲೆ ಪ್ರತಿ ತಿಂಗಳು ದೇವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಅಂತ ಬಾಡಿಗೆಯ ಶೇ. 5 ಕೂಡಿಕೊಂಡು ಬರುತ್ತೆ, 42,000ಕ್ಕೆ ತಿಂಗಳಿಗೆ 175.

ಇನ್ನೊಂದು ವಿಷಯ. ಚೆಕ್ ಪುಸ್ತಕ ಬೇಕು ಅಂದ್ರೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ ಬೇಕು, ಅದು ಕೈಗೆ ಬರೋಕೆ ಮೆಡಿಕಲ್ಲು, ಬೆರಳಚ್ಚು ಎಲ್ಲ ಮುಗೀಬೇಕು. ಇಳಿದ ದಿನವೇ ಯಾರೂ ಸ್ವಂತ ಮನೆ ಹಿಡಿಯೋಕಾಗಲ್ಲ.

ರಿಯಾದ್ ಅಣ್ಣ, 8:31
ಅದಕ್ಕೇ ಬಾಡಿಗೆ ಭತ್ಯೆ ತಗೊಂಡು ಶೇರಿಂಗಲ್ಲಿ ಇರೋದೇ ಸರಿ. 2,400 ಸಿಕ್ಕಿ 1,800 ಖರ್ಚಾದ್ರೆ ತಿಂಗಳಿಗೆ 600 ಉಳೀತು, ವರ್ಷಕ್ಕೆ 7,200.

ಶಾರ್ಜಾ ಚಿಕ್ಕಮ್ಮ, 8:36
ನಾನು ಒಪ್ಪಲ್ಲ. ಮೊದಲ ವರ್ಷ ಭತ್ಯೆ ಬದಲು ಶಾಲೆಯದೇ ಫ್ಲಾಟ್ ಕೇಳಲಿ. ಡಿಪಾಸಿಟ್ ಇಲ್ಲ, ಸಾಮಾನು ಕೊಳ್ಳೋದಿಲ್ಲ, ಜೊತೆಗಿರೋರು ಯಾರು ಅಂತ ಶಾಲೆಗೆ ಗೊತ್ತಿರುತ್ತೆ. ಹೊರಗೆ ಶೇರಿಂಗ್ ಹುಡುಕಿದ್ರೆ ಅರ್ಧಕ್ಕರ್ಧ ಸಿಗೋದು ಪಾರ್ಟಿಷನ್. ಹಾಲ್‌ನಲ್ಲಿ ಪ್ಲೈವುಡ್ ನಿಲ್ಲಿಸಿ ಅದನ್ನೇ ರೂಮು ಅಂತಾರೆ. ಬಾಗಿಲು ತೆಗೆದ್ರೆ ಮಂಚಕ್ಕೆ ತಗಲುತ್ತೆ, ಕಿಟಕಿ ಪಕ್ಕದವರ ಪಾಲಿಗೆ. 2025ರ ಜೂನಿನಲ್ಲಿ ದುಬೈ ಮುನ್ಸಿಪಾಲಿಟಿ ರಿಗ್ಗಾ, ಸತ್ವಾ, ಬರ್ಷಾ ಕಡೆ ಇಂಥವನ್ನ ತೆಗೆಸೋಕೆ ಇಳೀತು. ಅಂಥ ರೂಮಿಗೆ ನಿನ್ನ ಹೆಸರಲ್ಲಿ ಇಜಾರಿ ಇರಲ್ಲ, ಎಬ್ಬಿಸಿದ್ರೆ ಡಿಪಾಸಿಟ್ ಕೇಳೋಕೂ ಕಾಗದ ಇರಲ್ಲ.

ರಿಯಾದ್ ಅಣ್ಣ, 8:40
ಪಾರ್ಟಿಷನ್ ಬೇಡ, ಅದು ಒಪ್ಪಿದೆ. ಆದ್ರೆ ಶಾಲೆ ಫ್ಲಾಟ್ ಅಂದ್ರೆ ಕೆಲಸ ಬಿಟ್ಟ ದಿನ ಮನೆನೂ ಬಿಡಬೇಕು ಚಿಕ್ಕಮ್ಮ. ಮೊದಲ ವರ್ಷ ಫ್ಲಾಟ್, ಎರಡನೇ ವರ್ಷದಿಂದ ಭತ್ಯೆಗೆ ಬದಲಾಯಿಸ್ಕೊಳ್ಳೋ ಅವಕಾಶ, ಎರಡನ್ನೂ ಲಿಖಿತವಾಗಿ ಕೇಳಲಿ.

ಶಾರ್ಜಾ ಚಿಕ್ಕಮ್ಮ, 8:41
ಹಾಗಾದ್ರೆ ಸರಿ.

ಬ್ಯಾಂಕ್ ಮಾವ, 9:10
ಪಿಡಿಎಫ್ ಈಗ ಓದಿದೆ. ನನಗೆ ಕಣ್ಣಿಗೆ ಬಿದ್ದಿದ್ದು ಬೇಸಿಕ್. 6,000ದಲ್ಲಿ 2,400, ಶೇ. 40 ಮಾತ್ರ. ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿ ಬೇಸಿಕ್ ಮೇಲೆ ತಾನೇ?

ಶಾರ್ಜಾ ಚಿಕ್ಕಮ್ಮ, 9:18
ಹೌದು ಅಣ್ಣ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲಿನ ವರ್ಷಕ್ಕೆ 30 ದಿನ. ಒಂದು ವರ್ಷ ತುಂಬದೆ ಬಿಟ್ರೆ ಏನೂ ಇಲ್ಲ. 2,400ಕ್ಕೆ ದಿನಕ್ಕೆ 80, 21 ದಿನಕ್ಕೆ 1,680. ಎರಡು ವರ್ಷಕ್ಕೆ 3,360. ಒಟ್ಟು ಸಂಬಳ ಅದೇ 6,000 ಇಟ್ಟು ಬೇಸಿಕ್ 3,600 ಮಾಡಿದ್ರೆ 5,040. ರಜೆ ನಗದು ಮಾಡ್ಕೊಳ್ಳೋದೂ ಬೇಸಿಕ್ ಮೇಲೇನೇ. ಇನ್‌ಕ್ರಿಮೆಂಟೂ ಸಾಮಾನ್ಯವಾಗಿ ಬೇಸಿಕ್ ಮೇಲೆ ಶೇಕಡಾ ಲೆಕ್ಕ.

ರಿಯಾದ್ ಅಣ್ಣ, 9:25
ಎರಡು ವರ್ಷಕ್ಕೆ ವ್ಯತ್ಯಾಸ 1,680 ದಿರ್ಹಮ್, 39,000 ರೂಪಾಯಿ ಒಳಗೆ. ಅದಕ್ಕೆ ಜಗಳ ಆಡೋ ಬದಲು 2ನೇ ಪುಟದಲ್ಲಿ 9ನೇ ಸಾಲು ನೋಡಿ. 'ಬೇಸಿಗೆ ರಜೆಯ ಸಂಬಳ ಶಾಲೆಯ ನಿಯಮದಂತೆ.' ಇದೇ ದೊಡ್ಡ ತೂತು. ಕೆಲವು ಶಾಲೆಗಳು ಮೊದಲ ಬೇಸಿಗೆಗೆ ಪೂರ್ತಿ ಕೊಡಲ್ಲ, ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಕೊಡ್ತಾವೆ. ಒಂದೇ ತಿಂಗಳ 6,000 ಹೋದ್ರೂ ಎರಡೂವರೆ ತಿಂಗಳ ಉಳಿತಾಯ ಹೋದ ಹಾಗೆ. ಆ ನಿಯಮ ಏನು ಅಂತ ಬರವಣಿಗೆಯಲ್ಲಿ ತರಿಸು.

3ನೇ ಪುಟದಲ್ಲಿ ಇನ್ನೊಂದಿದೆ, 'ಒಂದು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ವಸೂಲಿ'. ಯುಎಇಯ 2021ರ 33ನೇ ಕಾರ್ಮಿಕ ಕಾನೂನು, 6ನೇ ಕಲಮು: ನೇಮಕಾತಿ ಖರ್ಚನ್ನ ನೌಕರರಿಂದ ನೇರವಾಗಿಯೂ ಸುತ್ತಿ ಬಳಸಿಯೂ ತಗೊಳ್ಳೋ ಹಾಗಿಲ್ಲ. ಆ ಸಾಲು ತೆಗೆಸು. ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಅದರೊಳಗೆ ಊರಿಗೇ ವಾಪಸ್ ಬರೋದಾದ್ರೆ 14 ದಿನದ ನೋಟಿಸ್. ಅಲ್ಲೇ ಬೇರೆ ಶಾಲೆ ಸೇರೋದಾದ್ರೆ ಒಂದು ತಿಂಗಳು, ಆಗ ಖರ್ಚು ತುಂಬಿಕೊಡಬೇಕಾದ್ದು ಹೊಸ ಶಾಲೆ.

ನಾನು, 9:33
ಏಜೆಂಟ್ ಸರ್ವೀಸ್ ಚಾರ್ಜ್ 90,000 ಅಂತಿದಾನೆ, ಈಗ ಅರ್ಧ, ವೀಸಾ ಬಂದ ಮೇಲೆ ಅರ್ಧ.

ಬ್ಯಾಂಕ್ ಮಾವ, 9:35
ಕೊಡಬೇಡ. ನಮ್ಮ ಸರ್ಕಾರದ ನಿಯಮದಲ್ಲಿ ನೋಂದಾಯಿತ ಏಜೆಂಟ್ ತಗೋಬಹುದಾದ್ದು 30,000, ಅದರ ಮೇಲೆ ಜಿಎಸ್‌ಟಿ. 35,400ಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವನ ಲೈಸೆನ್ಸ್ ನಂಬರ್ ಹಾಕಿ ನೋಡು. ಅಲ್ಲಿ ಹೆಸರಿಲ್ಲ ಅಂದ್ರೆ ಮಾತೇ ಬೇಡ. ಕೊಟ್ಟದ್ದಕ್ಕೆ ರಸೀದಿ ತಗೋ, ನಗದು ಬೇಡ.

ಶಾರ್ಜಾ ಚಿಕ್ಕಮ್ಮ, 9:44
ಈ ಪಿಡಿಎಫ್ ಶಾಲೆಯದು. ಅಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಬೇರೆ ಬರುತ್ತೆ, ಅರೇಬಿಕ್ ಜೊತೆ ಇಂಗ್ಲಿಷ್ ಇರುತ್ತೆ. ವಿವಾದ ಬಂದ್ರೆ ತೂಕ ಅದಕ್ಕೇ. ಅದರಲ್ಲಿ ಬೇಸಿಕ್ಕು, ಭತ್ಯೆ ಇದೇ ಅಂಕಿ ಇದೆಯಾ ಅಂತ ಸಾಲು ಸಾಲು ಹೋಲಿಸು. ಇಲ್ಲಿ 6,000, ಅಲ್ಲಿ 4,000 ಅಂತಿದ್ರೆ ಸಹಿ ಹಾಕಬೇಡ.

ಮತ್ತೆ ಸರ್ಟಿಫಿಕೇಟ್. ಎಂ.ಎ., ಬಿ.ಎಡ್. ಎರಡಕ್ಕೂ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಒಂದೇ ಮುದ್ರೆಯನ್ನ ಬೇರೆ ದೇಶಗಳೂ ಒಪ್ಪೋ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ, ಹಾಗಾಗಿ ಒಂದರಲ್ಲಿ ಮುಗಿಯಲ್ಲ. ನಮ್ಮ ಕಡೆಯೋರಿಗೆ ಇಲ್ಲೇ ಸಿಕ್ಕಿಕೊಳ್ಳೋದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಡಿಗ್ರಿಯಲ್ಲಿ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು. ನಿಂದು ನೋಡಿದೀಯಾ?

ನಾನು, 9:50
ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆ ಚಿಕ್ಕಮ್ಮ.

ಶಾರ್ಜಾ ಚಿಕ್ಕಮ್ಮ, 9:52
ಮೊದಲು ಅದು. ಇನಿಷಿಯಲ್ ಬಿಡಿಸಿ ಸರ್‌ನೇಮ್ ಹಾಕಿಸು, ಆಮೇಲೆ ಸರ್ಟಿಫಿಕೇಟ್ ಕಳಿಸು. ಅಮ್ಮನ ಪಾಸ್‌ಪೋರ್ಟೂ ನೋಡು. 2022ರ ನವೆಂಬರಿನಿಂದ ಒಂದೇ ಪದದ ಹೆಸರಿದ್ದರೆ ವಿಸಿಟ್ ವೀಸಾಗೆ ತೊಂದರೆ ಆಗುತ್ತೆ.

ಬ್ಯಾಂಕ್ ಮಾವ, 10:05
ಇದೆಲ್ಲ ಎಳೆದು ಸೆಪ್ಟೆಂಬರ್ ದಾಟಿದ್ರೆ ಕಷ್ಟ. ಏಪ್ರಿಲ್ 1ರಿಂದ ಲೆಕ್ಕ ಹಾಕಿ 182 ದಿನ ಭಾರತದಲ್ಲಿದ್ದರೆ ಆ ವರ್ಷ ನೀನು ನಿವಾಸಿ. ಆಗ ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ. ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಬೇಕು. ಆಗಸ್ಟ್ 20ಕ್ಕೆ ಹೊರಟರೆ 142 ದಿನ. ಚಳಿಗಾಲದ ರಜೆಗೆ 3 ವಾರ ಬಂದ್ರೂ 163.

ರಿಯಾದ್ ಅಣ್ಣ, 10:12
ಮಾವ, ತಡವಾದರೂ ಹೆದರೋಷ್ಟಿಲ್ಲ. ಅಕ್ಟೋಬರಿಂದ ಮಾರ್ಚ್‌ವರೆಗೆ 8.28 ಲಕ್ಷ, ಇಲ್ಲಿನ 6 ತಿಂಗಳ ಸಂಬಳ 1.68 ಲಕ್ಷ. ಸೇರಿ 10 ಲಕ್ಷದೊಳಗೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ನಿವಾಸಿಗಳಿಗೆ ರಿಬೇಟ್ ಇದೆ. ತೆರಿಗೆ ಸೊನ್ನೆ.

ಬ್ಯಾಂಕ್ ಮಾವ, 10:20
ತೆರಿಗೆ ಸೊನ್ನೆ ಆಗಬಹುದು, ರಿಟರ್ನ್ ತಪ್ಪಲ್ಲಪ್ಪ. ನಿವಾಸಿ ಆದ ವರ್ಷ ದುಬೈ ಬ್ಯಾಂಕ್ ಖಾತೆಯನ್ನ ವಿದೇಶಿ ಆಸ್ತಿಯ ಶೆಡ್ಯೂಲಲ್ಲಿ ತೋರಿಸಲೇಬೇಕು. ಜನ ಮರೆಯೋದು ಅದನ್ನೇ. 28ರೊಳಗೆ ಹೋದ್ರೆ ಈ ತಲೆನೋವೇ ಇಲ್ಲ.

ಅಲ್ಲಿಗೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ, ಅಂದ್ರೆ ಅನಿವಾಸಿಗಳ ಇಲ್ಲಿನ ಆದಾಯದ ಖಾತೆ, ಮಾಡಿಸು. ಸಂಬಳದ ದುಡ್ಡು, ಹೊರಗಿನ ಗಳಿಕೆ ಇಡೋ ಎನ್‌ಆರ್‌ಇ ಖಾತೆಗೆ ಕಳಿಸು, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಇ ಡಿಪಾಸಿಟ್ ಕನಿಷ್ಠ ಒಂದು ವರ್ಷ, ಮುಂಚೆ ಮುರಿದ್ರೆ ಬಡ್ಡಿಯೇ ಇಲ್ಲ. ಕಳಿಸುವಾಗ ಶುಲ್ಕ ನೋಡಿ ಮರುಳಾಗಬೇಡ, ದರ ನೋಡು. 5,000 ದಿರ್ಹಮಿಗೆ ದರದಲ್ಲಿ 10 ಪೈಸೆ ಕಮ್ಮಿ ಆದ್ರೆ 500 ರೂಪಾಯಿ ಹೋಯ್ತು. ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಕಳಿಸು.

ದೊಡ್ಡಮ್ಮ, 10:31
ಸಂಜೆ ಟ್ಯೂಷನ್ ಹೇಳಿದ್ರೆ? ಇಂಗ್ಲಿಷಿಗೆ ಕೇಳೋರು ಬೇಕಾದಷ್ಟು ಇರ್ತಾರೆ.

ಶಾರ್ಜಾ ಚಿಕ್ಕಮ್ಮ, 10:36
ಪರ್ಮಿಟ್ ಇಲ್ಲದೆ ಹೇಳಿದ್ರೆ ಕಾನೂನು ಬಾಹಿರ. 2023ರ ಡಿಸೆಂಬರಿನಿಂದ ಖಾಸಗಿ ಪಾಠಕ್ಕೆ ಪರ್ಮಿಟ್ ಕೊಡ್ತಾರೆ, ಶುಲ್ಕ ಇಲ್ಲ, 2 ವರ್ಷಕ್ಕೆ. ಅದನ್ನ ತಗೊಂಡೇ ಶುರು ಮಾಡಬೇಕು. ಆದ್ರೆ ಮೊದಲ ವರ್ಷದ ಬಜೆಟ್ಟಲ್ಲಿ ಅದನ್ನ ಸೇರಿಸಬೇಡ.

ರಿಯಾದ್ ಅಣ್ಣ, 10:48
ನಾನು ಕೇಳೋದು, ಸೌದಿ ಯಾಕೆ ನೋಡಬಾರದು? ಅಲ್ಲಿ ಗ್ರಾಚ್ಯುಟಿ ಬೇಸಿಕ್ ಮೇಲಲ್ಲ, ಭತ್ಯೆ ಸೇರಿದ ಸಂಬಳದ ಮೇಲೆ. ಮೊದಲ 5 ವರ್ಷ ವರ್ಷಕ್ಕೆ ಅರ್ಧ ತಿಂಗಳು. 6,000 ರಿಯಾಲ್ ಸಂಬಳಕ್ಕೆ ವರ್ಷಕ್ಕೆ 3,000.

ಶಾರ್ಜಾ ಚಿಕ್ಕಮ್ಮ, 10:55
ತಾನಾಗೇ ರಾಜೀನಾಮೆ ಕೊಟ್ರೆ? 2 ವರ್ಷದೊಳಗೆ ಸೊನ್ನೆ, 5 ವರ್ಷದೊಳಗೆ ಮೂರರಲ್ಲೊಂದು ಪಾಲು. ವ್ಯಾಟ್ ಯುಎಇಯಲ್ಲಿ ಶೇ. 5, ಸೌದಿಯಲ್ಲಿ 2020ರ ಜುಲೈಯಿಂದ ಶೇ. 15. ಕುಟುಂಬ ಕರೆಸಿದ್ರೆ ತಲೆಗೆ ತಿಂಗಳಿಗೆ 400 ರಿಯಾಲ್ ಶುಲ್ಕ. ನೀನು ಇದನ್ನೆಲ್ಲ ಹೇಳಲೇ ಇಲ್ಲ.

ರಿಯಾದ್ ಅಣ್ಣ, 11:02
ಕಾಂಟ್ರಾಕ್ಟ್ ಅವಧಿ ಮುಗಿಸಿ ಬಿಟ್ರೆ ಕಡಿತ ಇಲ್ಲ. ಒಬ್ಬಳೇ ಇರೋಳಿಗೆ ಕುಟುಂಬ ಶುಲ್ಕನೂ ಇಲ್ಲ. ಆದ್ರೆ ಕೈಯಲ್ಲಿರೋ ಆಫರ್ ದುಬೈದು, ಅದನ್ನೇ ಸರಿ ಮಾಡ್ಕೊಳ್ಳೋಣ. ಪುಟ್ಟಿ, ಒಂದು ಮಾತು. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಇದೇ ಇಂಗ್ಲಿಷ್ ಪಾಠಕ್ಕೆ ಎರಡರಷ್ಟು ಸಂಬಳ ಸಿಗುತ್ತೆ. ಇಂಗ್ಲಿಷ್ ಕಲಿಸೋ ಸರ್ಟಿಫಿಕೇಟ್ ಸೆಲ್ಟಾ ಒಂದೇ ಇದ್ರೆ ಅಲ್ಲಿಗೆ ಪ್ರವೇಶ ಸಿಗಲ್ಲ, ಸೆಲ್ಟಾ ನಡೆಯೋದು ಭಾಷಾ ಸಂಸ್ಥೆ, ಕಾಲೇಜಿನ ಫೌಂಡೇಷನ್ ವರ್ಷಕ್ಕೆ. ಶಾಲೆಯೋರು ಕೇಳೋದು ಬಿ.ಎಡ್. ಅಥವಾ ಬ್ರಿಟನ್ನಿನ ಶಿಕ್ಷಕರ ತರಬೇತಿ ಪಿಜಿಸಿಇ, ಜೊತೆಗೆ ಆ ಪಠ್ಯಕ್ರಮದ ಅನುಭವ. ಉಳಿತಾಯ ದೊಡ್ಡದಾಗೋದು ಆ ಜಿಗಿತದಲ್ಲಿ, ಊಟದಲ್ಲಿ 100 ದಿರ್ಹಮ್ ಉಳಿಸೋದ್ರಲ್ಲಿ ಅಲ್ಲ.

ನಾನು, 11:20
ಮೇಲ್ ಬರೆದಿದೀನಿ. ಬೇಸಿಕ್ 3,600, ಮೊದಲ ವರ್ಷ ಶಾಲೆ ಫ್ಲಾಟ್, ಎರಡನೇ ವರ್ಷ ಭತ್ಯೆ. ಬೇಸಿಗೆ ಸಂಬಳದ ನಿಯಮದ ಪ್ರತಿ. ವೀಸಾ ಖರ್ಚಿನ ಸಾಲು ತೆಗೀಬೇಕು.

ಶಾರ್ಜಾ ಚಿಕ್ಕಮ್ಮ, 11:23
ಬೇಸಿಕ್ 3,600ಕ್ಕೆ ಒಪ್ಪದಿದ್ರೆ 3,000ಕ್ಕೆ ನಿಲ್ಲು. ಬೇಸಿಗೆ ಸಂಬಳದ್ದು ಮಾತ್ರ ಬಿಡಬೇಡ.

ದೊಡ್ಡಮ್ಮ, 11:30
ಸರಿ, ನೀವೆಲ್ಲ ಲೆಕ್ಕ ಮುಗಿಸಿ. ನಾನು ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿಡ್ತೀನಿ, ಊಟದ 800ರಲ್ಲಿ ಅಷ್ಟಾದ್ರೂ ಉಳೀಲಿ. ಪಾಯಸಕ್ಕೆ ಗಸಗಸೆನೂ ಒಂದು ಪೊಟ್ಟಣ ಕಟ್ತೀನಿ.

ಶಾರ್ಜಾ ಚಿಕ್ಕಮ್ಮ, 11:31
ಗಸಗಸೆ ಬೇಡ ಅಕ್ಕಾ! ಅಲ್ಲಿ ಅದು ನಿಷೇಧಿತ ವಸ್ತು, ಬ್ಯಾಗಲ್ಲಿ ಸಿಕ್ಕಿದ್ರೆ ಜೈಲಿಗೂ ಹಾಕಬಹುದು. ಸಾಂಬಾರ್ ಪುಡಿಗೆ ಹುರಿಯುವಾಗಲೂ ಹಾಕಬೇಡ.

ದೊಡ್ಡಮ್ಮ, 11:33
ನಿನ್ನೆ ಹುರಿದಿಟ್ಟಿದ್ರಲ್ಲಿ ಹಾಕಿಬಿಟ್ಟಿದೀನಿ. ಅದು ಮನೆಗಿರಲಿ, ಅವಳಿಗೆ ಬೇರೆ ಮಾಡ್ತೀನಿ.