ಅಪ್‌ಡೇಟ್: ಫೈಲ್ ಜೋಡಣೆ ಬಗ್ಗೆ ಸಿಬ್ಬಂದಿಯನ್ನು ಕೇಳಿದೆ
ನಮ್ಮ ಸಂಸ್ಥೆಯ ದಾಖಲೆಗಳಿಗೆ ಹೊಸ ಫೋಲ್ಡರ್ ವ್ಯವಸ್ಥೆ ಮಾಡಬೇಕು, ಸಿಬ್ಬಂದಿಯನ್ನು ಕೇಳಬೇಕಾ ಇಲ್ಲ ನಾನೇ ಕೂತು ಮಾಡಿಬಿಡಲಾ ಅಂತ ಹಿಂದೆ ಕೇಳಿದ್ದೆ. ಕೇಳಿ ಎಂದಿರಿ. ಕೇಳಿದೆ.

ಮೀಟಿಂಗ್ ಕರೆದದ್ದು ದಂಡ. ಎಲ್ಲರೂ ಸುಮ್ನೆ ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರ ಪಕ್ಕ ಕೂತು, "ನಿನ್ನೆ ಬೇಕಾದ ಫೈಲನ್ನು ಹೇಗೆ ಹುಡುಕಿದಿರಿ, ತೋರಿಸಿ" ಎಂದೆ. ಆಗ ಗುಟ್ಟು ಹೊರಬಿತ್ತು. ನಾನು ಹೆಮ್ಮೆಯಿಂದ ಮಾಡಿಟ್ಟಿದ್ದ ‘ಪತ್ರವ್ಯವಹಾರ’ ಫೋಲ್ಡರ್ ಕಡೆ ಯಾರೂ ಹೋಗುವುದೇ ಇಲ್ಲ! ಪತ್ರ ಯಾವ ಕೆಲಸಕ್ಕೆ ಸೇರಿದ್ದೋ ಅಲ್ಲೇ ಹುಡುಕುತ್ತಾರೆ. ಸರಿಯೇ ಅಲ್ವಾ? ದಾಖಲೆ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15489 ಕೂಡ (2001ರದ್ದು, 2016ರಲ್ಲಿ ಪರಿಷ್ಕರಿಸಿದ್ದು) ವರ್ಗೀಕರಣವನ್ನು ಸಂಸ್ಥೆ ಮಾಡುವ ಕೆಲಸಗಳಿಗೇ ಜೋಡಿಸುತ್ತದೆ. ವಿಭಾಗಗಳ ಹೆಸರು ಬದಲಾಗುತ್ತಲೇ ಇರುತ್ತದೆ, ಸಂಬಳ ಕೊಡುವ ಕೆಲಸ ಬದಲಾಗುವುದಿಲ್ಲ.

ಹಾಗಂತ ಎಲ್ಲರ ಮಾತಿಗೂ ಹೂಂ ಅನ್ನಲಿಲ್ಲ. ತಮ್ಮ ಹೆಸರಲ್ಲೇ ಫೋಲ್ಡರ್ ಬೇಕು ಅಂದವರಿಗೆ, ನೀವು ಕೆಲಸ ಬಿಟ್ಟರೆ ಅದನ್ನು ಯಾರು ತೆರೆಯುತ್ತಾರೆ ಎಂದೆ. ಫೋಲ್ಡರ್ ಒಳಗೆ ಫೋಲ್ಡರ್ ಇಡುವ ಆಳವನ್ನು ಮೂರು ಹಂತಕ್ಕೆ ನಿಲ್ಲಿಸಿದ್ದೇನೆ. ಸದ್ಯ ಒಂದೇ ವಿಭಾಗದಲ್ಲಿ ಪ್ರಯೋಗ ನಡೆದಿದೆ. ‘ಇತರೆ’ ಫೋಲ್ಡರ್ ತೆಗೆದುಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಅದು ಈಗಲೇ ಜಾಸ್ತಿ ತುಂಬುತ್ತಿದೆ.