ಗಣಪತಿ ಕಳಿಸಿದ ಮ್ಯಾಲೆ ವಿಯೆಟ್ನಾಂ: ಮೆಟ್ಟಿಲು ಗದ್ದಿ ಚಾರಣ, ಹನೋಯಿ ಪ್ಯಾಟಿ ಎರಡೂ ಒಂದ ಪ್ರವಾಸದಾಗ ಹೆಂಗ ಹೊಂದಿಸೋದು?

ಕುಂದಾನಗರಿ (ಬೆಳಗಾವಿ) ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. 2026ರಾಗ ಗಣಪತಿ ವಿಸರ್ಜನೆ ಸೆಪ್ಟೆಂಬರ್ 25ಕ್ಕ ಐತಿ. ಅದು ಮುಗದ ಮ್ಯಾಲೆ 26ಕ್ಕ ಬೆಳಗಾವಿ ಬಿಟ್ಟು, ಅಕ್ಟೋಬರ್ 4ರೊಳಗ ವಾಪಸ್ ಬರೋ ವಿಚಾರ ಐತಿ. ಒಟ್ಟು ನಾಲ್ಕು ಮಂದಿ: ನಾನು, ನಮ್ಮ ಮನೆಯವರು, 14 ವರ್ಷದ ಮಗ, 62 ವರ್ಷದ ಅತ್ತೆ. ಎಲ್ಲಾರೂ ಪಕ್ಕಾ ಸಸ್ಯಾಹಾರಿ, ತತ್ತಿನೂ ತಿನ್ನಂಗಿಲ್ಲ. ಹಳ್ಳಿ ಕಡೆ ಮೆಟ್ಟಿಲು ಗದ್ದಿಯೊಳಗ ಎರಡು ದಿನ ನಡೀಬೇಕು, ಹನೋಯಿ ಹಳೇ ಪ್ಯಾಟಿ ಸಾವಕಾಶ ನೋಡಬೇಕು. ಟೂರ್ ಕಂಪನಿಯವರು ಎಲ್ಲಾರೂ ಉತ್ತರದ ಗುಡ್ಡದೂರು ಸಾಪಾ ಅಂತಾರ. ಸಾಪಾನ ಸರಿನೋ, ಬ್ಯಾರೆ ಕಡೆ ಹೋಗಬೇಕೋ? ಮೊದಲ ಗುಡ್ಡೋ, ಮೊದಲ ಹನೋಯಿಯೋ? ಊಟಕ್ಕ ಏನು ಮಾಡಬೇಕು? ಅತ್ತೆಯವರು ದಿನಾ ವಾಕಿಂಗ್ ಮಾಡ್ತಾರ, ಆದ್ರ ಇಳಿಜಾರಿನಾಗ ಮಂಡಿ ಹಿಡೀತಾವ.

ಮಲಪ್ರಭಾ ದಂಡಿ (ಖಾನಾಪುರ):

ಅಕ್ಕಾರ, ಊರು ಆಮ್ಯಾಲೆ ಆರಿಸ್ರಿ, ಮೊದಲ ಬೆಳಿ ನೋಡ್ರಿ. ಮೆಟ್ಟಿಲು ಗದ್ದಿ ವರ್ಷಪೂರ್ತಿ ಒಂದ ಥರ ಇರಂಗಿಲ್ಲ. ಉತ್ತರ ವಿಯೆಟ್ನಾಂ ಗುಡ್ಡದಾಗ ವರ್ಷಕ್ಕ ಒಂದ ಬೆಳಿ. ಮೇ-ಜೂನ್‌ದಾಗ ನೀರು ಕಟ್ಟಿ ನಾಟಿ ಮಾಡ್ತಾರ, ಆವಾಗ ಗದ್ದಿ ಕನ್ನಡಿ ಆಗಿರ್ತಾವ. ಜುಲೈ-ಆಗಸ್ಟ್ ಹಸಿರು. ಸಾಪಾ ಕಡೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ ಕೊಯ್ಲು. ನೀವು ಹೋಗೋ ಹೊತ್ತಿಗೆ ಅಲ್ಲಿ ಬಹಳಷ್ಟು ಕಡೆ ಕೂಳಿ ಅಷ್ಟ ಉಳಿದಿರ್ತೈತಿ. ಮ್ಯಾಲೆ ಅಕ್ಟೋಬರ್ 1ರಿಂದ ಚೀನಾದಾಗ ರಾಷ್ಟ್ರೀಯ ರಜಾ, ಸಾಪಾ ಅವರ ಗಡಿಗೆ ಹತ್ತಿರ. ಗದ್ದಲ ಜಾಸ್ತಿ, ರೂಮಿನ ರೇಟೂ ಜಾಸ್ತಿ.

ನಿಮ್ಮ ತಾರೀಖಿಗೆ ಹೊಂದೋದು ಮೂ ಕಾಂಗ್ ಚಾಯ್ ಅನ್ನೋ ಗುಡ್ಡದ ಸೀಮಿ. ಅಲ್ಲಿ ಬೆಳಿ ಹಳದಿ ಆಗೋದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದ ತನಕ. ಲಾ ಪಾನ್ ತಾನ್, ಚೆ ಕೂ ನ್ಯಾ, ಜೆ ಸು ಫಿನ್ — ಈ ಮೂರು ಹಳ್ಳಿಯ ಗದ್ದಿಗಳನ್ನ ಅಲ್ಲಿಯ ಸರ್ಕಾರ 2007ರಾಗ ರಾಷ್ಟ್ರೀಯ ಪಾರಂಪರಿಕ ತಾಣ ಅಂತ ಘೋಷಿಸೇತಿ. ಆ ಗದ್ದಿ ಉಳೋರು ಹ್ಮಾಂಗ್ ಅನ್ನೋ ಗುಡ್ಡಗಾಡು ಜನ. ಸಾಪಾದಷ್ಟು ಹೋಟೆಲ್ಲು, ಅಂಗಡಿ ಇಲ್ಲ. ನನಗ ಕೇಳಿದ್ರ ನಡಿಯೋರಿಗೆ ಅದ ಒಳ್ಳೇದು.

ಹನೋಯಿಯಿಂದ ಸುಮಾರು 300 ಕಿ.ಮೀ., ಆದ್ರ ಏಳು ತಾಸು ಹಿಡೀತೈತಿ, ಯಾಕಂದ್ರ ಕೊನೆಗೆ ಖಾವು ಫಾ ಘಾಟು ಸುಮಾರು 30 ಕಿ.ಮೀ. ತಿರುವಿನ ಮ್ಯಾಲೆ ತಿರುವು. ರಾತ್ರಿ ಸ್ಲೀಪರ್ ಬಸ್ ಸಿಗ್ತೈತಿ, ಅದನ್ನ ಹಿಡೀಬ್ಯಾಡ್ರಿ. ನಸುಕಿನ ಮೂರಕ್ಕೋ ನಾಕಕ್ಕೋ ಕತ್ತಲಾಗ ಇಳಿಸಿ ಹೋಗ್ತಾರ, ಘಾಟಿನ ನೋಟನೂ ತಪ್ತೈತಿ. ನಾಲ್ಕು ಮಂದಿ ಅದೀರಿ, ಡ್ರೈವರ್ ಸಹಿತ ಕಾರ್ ಮಾಡ್ಕೊಂಡು ಹಗಲಿನಾಗ ಹೋಗ್ರಿ. ಹಾದ್ಯಾಗ ತೂ ಲೆ ಕಣಿವ್ಯಾಗ ಇಳಕೊಂಡು ರಾತ್ರಿ ಅಲ್ಲೇ ಉಳೀರಿ. ಥಾಯ್ ಸಮುದಾಯದವರ ಕಂಬದ ಮ್ಯಾಲಿನ ಮನಿಗಳು ಹೋಮ್‌ಸ್ಟೇ ಆಗ್ಯಾವ, ಹಾಸಿಗಿ ನೆಲದ ಮ್ಯಾಲೆ. ಅತ್ತೆಯವರಿಗೆ ಮಂಚ ಬೇಕಂದ್ರ ಬುಕಿಂಗ್ ಮಾಡುವಾಗಲೇ ಕೇಳ್ರಿ. ಸಂಡಾಸ ಮನಿ ಕೆಳಗ ಇರ್ತೈತಿ, ರಾತ್ರಿ ಕಡಿದಾದ ಏಣಿ ಇಳೀಬೇಕಾಗ್ತೈತಿ, ಅದನ್ನೂ ಕೇಳ್ರಿ.

ನಿಮ್ಮ ದಿನ ಹಿಂಗ ಹಾಕ್ರಿ. 26 ಶನಿವಾರ ರಾತ್ರಿ ವಿಮಾನ, 27 ಭಾನುವಾರ ಹನೋಯಿಯೊಳಗ ನಿದ್ದಿ, ಸಿಮ್, ರೊಕ್ಕ ಬದಲಿ. 28 ಸೋಮವಾರ ತೂ ಲೆ. 29, 30 ಲಾ ಪಾನ್ ತಾನ್ ಸುತ್ತ ಚಾರಣ. ಅಕ್ಟೋಬರ್ 1ಕ್ಕ ಇಳದು ಬರೋದು, 2 ಮತ್ತು 3 ಹನೋಯಿ. ಗುಡ್ಡ ಮೊದಲ, ಪ್ಯಾಟಿ ಕೊನೆಗೆ. ಕಾರಣ ಮಳಿ. ಸೆಪ್ಟೆಂಬರ್ ಅಂದ್ರ ಅಲ್ಲಿ ಚಂಡಮಾರುತದ ಕಾಲ. 2024ರ ಸೆಪ್ಟೆಂಬರ್ 7ಕ್ಕ ಯಾಗಿ ಚಂಡಮಾರುತ ಬಂದು, ಮುಂದಿನ ದಿನಗಳಾಗ ಗುಡ್ಡ ಕುಸದು ಲಾವ್ ಕಾಯ್ ಕಡೆ ಲಾಂಗ್ ನು ಅನ್ನೋ ಹಳ್ಳಿನ ಮಣ್ಣಿನಾಗ ಹೋತು. ಘಾಟು ಬಂದಾದ್ರ ಒಂದು ದಿನ ಅಲ್ಲೇ ಸಿಕ್ಕೊಳ್ಳೋದು. ಹನೋಯಿಯ ಎರಡು ದಿನ ಹಿಂದ ಇದ್ರ ಅದ್ರಾಗ ಒಂದು ದಿನ ಕಳಕೊಂಡ್ರೂ ವಿಮಾನ ತಪ್ಪಂಗಿಲ್ಲ. ಗುಡ್ಡ ಕೊನೆಗೆ ಇಟ್ರ ಆ ಆಸರ ಇರಂಗಿಲ್ಲ. ಸೋಮವಾರದಿಂದ ಬುಧವಾರ ಅಂದ್ರ ಹನೋಯಿಯ ಫೋಟೋ ಮಂದಿ ವಾರಾಂತ್ಯಕ್ಕ ಬಂದು ಹೋಗಿರ್ತಾರ, ಅದೂ ಒಂದು ಲಾಭ.

ಹೊರಡೋ ಮುಂಚೆ ಹವಾಮಾನದಾಗ ಮೂರು ದಿನ ಸತತ ದೊಡ್ಡ ಮಳಿ ತೋರಿಸಿದ್ರ ಹಟ ಮಾಡಬ್ಯಾಡ್ರಿ, ಪೂ ಲುವಾಂಗ್ ಕಡೆ ತಿರುಗಿಸ್ರಿ. ಹನೋಯಿಯಿಂದ ನಾಲ್ಕು ತಾಸು, ತಾನ್ ಹ್ವಾ ಪ್ರಾಂತ. ಅಲ್ಲಿ ವರ್ಷಕ್ಕ ಎರಡು ಬೆಳಿ, ಎರಡನೇದು ಸೆಪ್ಟೆಂಬರ್ ಕೊನೆಗೆ ಹಳದಿ ಆಗಿರ್ತೈತಿ. ಏರು ಕಡಿಮಿ, ಹಳ್ಳದ ಮ್ಯಾಲೆ ಬಿದಿರಿನ ನೀರಿನ ಗಾಲಿ ನೋಡಲಿಕ್ಕೆ ಸಿಗ್ತಾವ.

ನಡಿಯೋದರ ಲೆಕ್ಕ: ಬಯಲಿನಾಗ ತಾಸಿಗೆ 5 ಕಿ.ಮೀ. ನಡಿಯೋರು ಅಲ್ಲಿ 2 ಕಿ.ಮೀ. ಅಂತ ಹಿಡೀರಿ. ದಿನಕ್ಕ 10 ಕಿ.ಮೀ. ಅಂದ್ರ ಐದು ತಾಸು, ಊಟ-ವಿಶ್ರಾಂತಿ ಸೇರಿ ಏಳು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಹೊತ್ತು ಮುಳುಗೋದು ಸಂಜಿ 5:45ರ ಸುಮಾರು, ನಮ್ಮ ಕಡೆಗಿಂತ ಬೇಗ. ಮುಂಜಾನೆ 7ಕ್ಕ ಹೊರಟ್ರ ಮಧ್ಯಾಹ್ನ 2-3ರೊಳಗ ಮನಿ ಸೇರ್ತೀರಿ. ಅತ್ತೆಯವರನ್ನ ಬೈಕ್ ಟ್ಯಾಕ್ಸಿಯೊಳಗ ಮಾಮ್ ಸೋಯ್ ಗುಡ್ಡದ ನೋಟದ ಜಾಗಕ್ಕ ಕರಕೊಂಡು ಹೋಗಿ, ಅದರಾಗೇ ವಾಪಸ್ ಕಳಿಸ್ರಿ. ಆ ಹಾದಿ ಅಗಲ ಇಲ್ಲ, ಕಡಿದು. ಕಾರು ಕೆಳಗ ಹೈವೇದಾಗ ನಿಲ್ತೈತಿ.

ಬೂಟು: ಸವೆದ ಸ್ಪೋರ್ಟ್ಸ್ ಶೂ ನಡಿಯಂಗಿಲ್ಲ. ಅಲ್ಲಿಯ ಕೆಂಪು ಜಿಗಟು ಮಣ್ಣು ಅಟ್ಟೆಯ ಹಲ್ಲಿನ ಸಂದ್ಯಾಗ ತುಂಬಿಕೊಂಡು ಹಿಡಿತಾನ ತಪ್ಪಿಸ್ತೈತಿ. 4-5 ಮಿ.ಮೀ. ಆಳದ ಹಲ್ಲಿನ ಚಾರಣದ ಬೂಟು ಇಲ್ಲೇ ಕೊಂಡು, ಒಂದು ತಿಂಗಳು ಹಾಕಿ ರೂಢಿ ಮಾಡ್ಕೊಳ್ರಿ. ಹಿಂದಿನ ದಿನ ಮಳಿ ಆಗಿದ್ರ ಊರಿನ ಸಂತ್ಯಾಗ ಗಮ್ ಬೂಟು ಸಿಗ್ತಾವ, ಆದ್ರ ದೊಡ್ಡ ಕಾಲಿನ ಗಂಡಸರಿಗೆ ಅಳತಿ ಸಿಗೋದು ಕಷ್ಟ. ಜೀನ್ಸ್ ಬ್ಯಾಡ. ತೊಯ್ದ್ರ ಮರುದಿನಕ್ಕೂ ಒಣಗಂಗಿಲ್ಲ.

ಇನ್ನೊಂದು, ಇದು ಮನಸಿಗೆ ಹತ್ತಿ ಹೇಳೋದು. ಗದ್ದಿ ಬದುವಿನ ಮ್ಯಾಲೆ ಎಲ್ಲಿ ಬೇಕಲ್ಲಿ ಕಾಲಿಡಬ್ಯಾಡ್ರಿ. ಆ ಬದು ಬರೇ ಮಣ್ಣು. ವರ್ಷಾ ಕೈಯಿಂದ ಮೆತ್ತಿ ಗಟ್ಟಿ ಮಾಡ್ತಾರ. ಒಂದು ಕಡೆ ಒಡೆದ್ರ ಆ ನೀರು ಕೆಳಗಿನ ಗದ್ದಿಗೆ ಬಿದ್ದು ಅದರ ಬದುನೂ ಒಡೀತೈತಿ, ಹಂಗ ಸಾಲಿಡ್ತೈತಿ. ಹಳ್ಳಿಯ ಗೈಡ್ ಒಬ್ಬರನ್ನ ಕರಕೊಂಡ್ರ ಯಾವ ಬದು ಹಾದಿ, ಯಾವುದು ಅಲ್ಲ ಅನ್ನೋದು ಅವರಿಗೆ ಗೊತ್ತಿರ್ತೈತಿ. ಕೂಲಿನೂ ಊರಾಗೇ ಉಳೀತೈತಿ.

ತಯಾರಿಗೆ ಎಂಟು ವಾರ ಸಾಕು. ವಾರಕ್ಕ ಮೂರು ದಿನ ನಡಿಗಿ, ಭಾನುವಾರ ರಾಜಹಂಸಗಡದ ಕೋಟಿ ಗುಡ್ಡ ಹತ್ತಿ ಇಳಿಯೋದು, ಬೆನ್ನಿಗೆ 5 ಕೆ.ಜಿ. ಚೀಲ. ಏರೋದಕ್ಕಿಂತ ಇಳಿಯೋದನ್ನ ಜಾಸ್ತಿ ಮಾಡ್ರಿ. ಗದ್ದಿಯೊಳಗ ತೊಡಿ, ಮಂಡಿ ಸೋಲೋದು ಇಳಿಜಾರಿನಾಗ.

ಗೋಳಗುಮ್ಮಟ ಓಣಿ (ವಿಜಯಪುರ):

ಊಟದ ವಿಷಯ ನಾ ಹೇಳ್ತೀನ್ರಿ. ಹನೋಯಿಯೊಳಗ ತೊಂದ್ರಿ ಇಲ್ಲ, ಗುಡ್ಡದಾಗ ಅದ.

ಹನೋಯಿಯೊಳಗ ಬೌದ್ಧರ ಸಸ್ಯಾಹಾರಿ ಹೋಟೆಲ್ ಬೇಕಾದಷ್ಟು ಅವ, ಫಲಕದ ಮ್ಯಾಲೆ 'ಚಯ್' ಅಂತ ಇರ್ತದ. ಹುಣ್ಣಿಮಿಗೆ, ಅಮಾಸಿ ಮರುದಿನಕ್ಕ ಅಲ್ಲಿ ಬಹಳ ಮಂದಿ ಸಸ್ಯಾಹಾರ ಮಾಡ್ತಾರ, ಆವಾಗ ಎಲ್ಲಾ ಕಡೆ ಸಿಗ್ತದ. ಆದ್ರ ನಿಮ್ಮ ತಾರೀಖಿನಾಗ ಎರಡೂ ಬರಂಗಿಲ್ಲ, ಹಂಗಾಗಿ ಹೋಟೆಲ್ ಮೊದಲೇ ನೋಡಿ ಇಟ್ಕೊಳ್ರಿ. ಮಾಮೂಲಿ ಹೋಟೆಲಿನಾಗ 'ಮಾಂಸ ಬ್ಯಾಡ' ಅಂದ್ರ ಮಾಂಸದ ತುಂಡು ಅಷ್ಟ ತಗೀತಾರ. ಫೋ ಅನ್ನೋ ಶಾವಿಗಿ ಸಾರಿನ ನೀರು ಎಲುಬು ಕುದಿಸಿದ್ದು. ಟೊಮೆಟೊ ಹಾಕಿದ ತೋಫು, ಬಳ್ಳೊಳ್ಳಿ ಹಾಕಿ ಹುರಿದ ಸೊಪ್ಪು ನೋಡಲಿಕ್ಕೆ ನಮ್ಮ ಪಲ್ಯ, ಒಳಗ ಮೀನಿನ ಸಾಸ್ ಇರ್ತದ. ಗುಡ್ಡದ ಮನಿಗಳಾಗ ಒಗ್ಗರಣಿಗೆ ಹಂದಿ ಕೊಬ್ಬು ಬಳಸೋದು ಮಾಮೂಲು. ಅದಕ್ಕ ಹನೋಯಿ ಹೋಟೆಲಿನವರ ಕಡಿಂದ ಅವರ ಭಾಷ್ಯಾಗ ಒಂದು ಚೀಟಿ ಬರೆಸ್ರಿ: ಮಾಂಸ, ಮೀನು, ತತ್ತಿ, ಮೀನಿನ ಸಾಸ್, ಪ್ರಾಣಿ ಕೊಬ್ಬು ಬ್ಯಾಡ, ಎಣ್ಣಿ, ಉಪ್ಪು, ಸೋಯಾ ಸಾಸ್ ಆದ್ರ ನಡೀತದ. ಎಣ್ಣಿದು ಸಣ್ಣ ಬಾಟಲಿ ಹನೋಯಿಯೊಳಗ ತಗೊಂಡು ಹೋಮ್‌ಸ್ಟೇದವರ ಕೈಗೆ ಕೊಟ್ರ ಇನ್ನೂ ಚಲೋ. ಹನೋಯಿಯ ಹೆಸರಾದ ತತ್ತಿ ಕಾಫಿ ಮ್ಯಾಲಿನ ನೊರಿ ತತ್ತಿ ಹಳದಿದು, ಕೆನಿ ಅಂತ ಕುಡೀಬ್ಯಾಡ್ರಿ.

ತೂ ಲೆಯೊಳಗ ಒಂದು ಬಿಡಬ್ಯಾಡ್ರಿ. ಅಲ್ಲಿಯ ಅಂಟಕ್ಕಿ ಇಡೀ ದೇಶಕ್ಕ ಹೆಸರುವಾಸಿ. ತೆನಿ ಪೂರ್ತಿ ಒಣಗೋ ಮುಂಚೆ ಕೊಯ್ದು, ಹುರಿದು, ಒರಳಿನಾಗ ಕುಟ್ಟಿ ಹಸಿರು ಅವಲಕ್ಕಿ ಮಾಡ್ತಾರ, 'ಕೋಮ್' ಅಂತಾರ. ನಮ್ಮ ಸೀತನಿ ಹಂಗ, ಆ ಹಂಗಾಮಿನಾಗ ತಾಜಾ ತಿನ್ನಬೇಕು. ನೀವು ಹೋಗೋ ಹೊತ್ತಿಗೆ ಅದರ ಹಂಗಾಮು.

ಊರಿಂದ ಒಯ್ಯೋದು: ಕಡಕ್ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಮೀನಗಡದ ಕರದಂಟು. ಆದ್ರ ಅಲ್ಲಿಯ ಹವಾದಾಗ ತ್ಯಾವ ಬಹಳ. ರೊಟ್ಟಿ ಚೀಲ ಒಮ್ಮೆ ಬಿಚ್ಚಿದ್ರ ಸಂಜಿಯೊಳಗ ಮೆತ್ತಗಾಗ್ತಾವ, ಎರಡು ದಿನಕ್ಕ ಬೂಷ್ಟು ಹಿಡೀತಾವ. ಐದೈದು ರೊಟ್ಟಿ ಬ್ಯಾರೆ ಬ್ಯಾರೆ ಜಿಪ್ ಚೀಲದಾಗ ಹಾಕಿ, ಒಂದೊಂದ ಬಿಚ್ಚ್ರಿ. ಕುಂದಾ ಒಯ್ಯಬ್ಯಾಡ್ರಿ, ಹಾಲಿನ ಪದಾರ್ಥ, ಆ ಸೆಕಿಗೆ ತಡಿಯಂಗಿಲ್ಲ. ಉಪ್ಪಿನಕಾಯಿ ಕೈಚೀಲದಾಗ ಇಟ್ರ ವಿಮಾನ ನಿಲ್ದಾಣದಾಗ ತಗೀಸ್ತಾರ. ಕಡಿಮಿ ದರದ ವಿಮಾನದಾಗ ಕೈಚೀಲ 7 ಕೆ.ಜಿ. ಅಷ್ಟ, ರೊಟ್ಟಿ ಗಂಟನ್ನೂ ಅದರಾಗೇ ಲೆಕ್ಕ ಹಿಡೀರಿ.

ಬಾದಾಮಿ ಬಂಡೆ (ಬಾಗಲಕೋಟೆ):

ಹನೋಯಿ ಮತ್ತು ಕಾಗದಪತ್ರದ ಬಗ್ಗೆ ಒಂದಿಷ್ಟು.

ವೀಸಾ ಮೊದಲು. ನಮಗೆ ಇ-ವೀಸಾ ಬೇಕು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ತಿರಸ್ಕಾರ ಆದರೂ ವಾಪಸ್ ಬರುವುದಿಲ್ಲ. ಸರ್ಕಾರದ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ಎರಡು ಮೂರು ಪಟ್ಟು ವಸೂಲಿ ಮಾಡುತ್ತವೆ, ವಿಳಾಸದ ಕೊನೆಗೆ ವಿಯೆಟ್ನಾಂ ಸರ್ಕಾರದ ಗುರುತು ಇದೆಯೇ ನೋಡಿ. ಅಲ್ಲಿ ಸೆಪ್ಟೆಂಬರ್ 2 ರಾಷ್ಟ್ರೀಯ ದಿನ, ಕಚೇರಿಗಳಿಗೆ ರಜೆ. ಆಗಸ್ಟ್ ಕೊನೆಯೊಳಗೆ ಅರ್ಜಿ ಹಾಕಿಬಿಡಿ. ನಮ್ಮ ಕಡೆ ಬಹಳ ಮಂದಿಯ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ. ಅರ್ಜಿ ತುಂಬುವಾಗ ಪಾಸ್‌ಪೋರ್ಟಿನ ಕೆಳಗಿನ ಎರಡು ಯಂತ್ರಾಕ್ಷರದ ಸಾಲಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ, ಟಿಕೆಟ್ಟಿನಲ್ಲೂ ಅದೇ. ಒಂದಕ್ಷರ ತಪ್ಪಿದರೂ ಹೊಸ ಅರ್ಜಿ, ಹೊಸ ಶುಲ್ಕ. ವೀಸಾ ಮುದ್ರಿಸಿ ಒಯ್ಯಿರಿ.

ಬೆಳಗಾವಿಯ ವಿಸರ್ಜನೆ ಮೆರವಣಿಗೆ ಮರುದಿನವೂ ನಡೆದಿರುತ್ತದೆ, ಮುಂಬೈಯದೂ ಹಾಗೆಯೇ. ಮುಂಬೈಯಿಂದ ವಿಮಾನ ಹಿಡಿಯುವುದಾದರೆ 26ರ ರಾತ್ರಿಯದನ್ನೇ ನೋಡಿ. ಬಸ್ಸಿನಲ್ಲಿ ಹೋದರೆ ಕೊಲ್ಹಾಪುರ-ಸಾತಾರಾ ನಡುವಿನ ರಸ್ತೆ ಕೆಲಸಕ್ಕೆಂದು ಮೂರು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ. ಬೆಂಗಳೂರಿನ ದರವನ್ನೂ ಹೋಲಿಸಿ.

ದುಡ್ಡಿನ ಲೆಕ್ಕ ಸುಲಭ: ಬೆಲೆಯ ಕೊನೆಯ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ. 50,000 ಡಾಂಗ್ ಅಂದರೆ ಸುಮಾರು 175 ರೂಪಾಯಿ. 20,000 ಮತ್ತು 5,00,000 ಎರಡೂ ನೀಲಿ ನೋಟು, ಸಂಜೆ ಬೆಳಕಿನಲ್ಲಿ ಅದಲುಬದಲು ಆಗುತ್ತದೆ. ದೊಡ್ಡದನ್ನು ಬೇರೆ ಕಿಸೆಯಲ್ಲಿಡಿ. ಗುಡ್ಡಕ್ಕೆ ನಗದು ಹನೋಯಿಯಲ್ಲೇ ತೆಗೆದುಕೊಳ್ಳಿ.

ವಿಮಾನ ನಿಲ್ದಾಣದಿಂದ ಹಳೇ ಪೇಟೆಗೆ 86ನೇ ನಂಬರಿನ ಬಸ್ಸಿದೆ, ಸುಮಾರು ಒಂದು ತಾಸು. ನಾಲ್ವರಿಗೆ ಸಾಮಾನು ಇದ್ದರೆ ಗ್ರ್ಯಾಬ್ (ಓಲಾ-ಊಬರ್‌ನಂಥ ಆ್ಯಪ್) ಕಾರು ಮೇಲು. ಆ್ಯಪ್ ಊರಲ್ಲೇ ಹಾಕಿಕೊಂಡು ಫೋನ್ ನಂಬರ್ ದೃಢಪಡಿಸಿಕೊಳ್ಳಿ, ಅಲ್ಲಿ ಇಳಿದ ಮೇಲೆ ಒಟಿಪಿ ಬರದೆ ಸಿಕ್ಕಿಬೀಳುವವರೇ ಹೆಚ್ಚು.

ನಿಮ್ಮ ದಿನಗಳಲ್ಲಿ ಎರಡು ತೊಡಕಿವೆ. ಹೋ ಚಿ ಮಿನ್ ಸಮಾಧಿ ಸೋಮವಾರ, ಶುಕ್ರವಾರ ಬಂದ್, ಉಳಿದ ದಿನ ಬೆಳಿಗ್ಗೆ ಮಾತ್ರ. ಅಕ್ಟೋಬರ್ 2 ಶುಕ್ರವಾರ, ಆದ್ದರಿಂದ ಅದನ್ನು 3ರ ಬೆಳಿಗ್ಗೆಗೆ ಇಡಿ, ಭುಜ-ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಹೊವಾನ್ ಕಿಯೆಮ್ ಕೆರೆಯ ಸುತ್ತ ವಾಹನ ಬಿಡುವುದಿಲ್ಲ. ನಡೆಯುವವರಿಗೆ ಅದು ಹಬ್ಬ, ಆದರೆ ಹೋಟೆಲ್ ಆ ಗಡಿಯೊಳಗಿದ್ದರೆ ಶನಿವಾರ ರಾತ್ರಿ ಸಾಮಾನು ಎಳೆದುಕೊಂಡು ಹೊರಗೆ ಬರಬೇಕು. ಕೆರೆಯ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ರೂಮು ಹಿಡಿಯಿರಿ.

ಶುಕ್ರವಾರಕ್ಕೆ ಜನಾಂಗ ವಸ್ತುಸಂಗ್ರಹಾಲಯ ನೋಡಿ, ಅದಕ್ಕೆ ಸೋಮವಾರ ಮಾತ್ರ ರಜೆ. ಬಯಲಿನಲ್ಲಿ ಬೇರೆ ಬೇರೆ ಸಮುದಾಯಗಳ ಮನೆಗಳನ್ನೇ ಪೂರ್ತಿ ಅಳತೆಯಲ್ಲಿ ಕಟ್ಟಿಟ್ಟಿದ್ದಾರೆ. ಹ್ಮಾಂಗರ ಹಳ್ಳಿ ನಡೆದು ಬಂದ ಮೇಲೆ ನೋಡಿದರೆ ಕಣ್ಣಿಗೆ ಬೇರೆಯೇ ಕಾಣುತ್ತದೆ. 1070ರಲ್ಲಿ ಕಟ್ಟಿದ ಸಾಹಿತ್ಯ ಮಂದಿರದಲ್ಲಿ ಆಮೆಯ ಬೆನ್ನ ಮೇಲೆ ನಿಂತ 82 ಶಾಸನಗಳಿವೆ, ಪರೀಕ್ಷೆ ಪಾಸಾದ ಪಂಡಿತರ ಹೆಸರುಗಳು. ನಮ್ಮ ಶಾಸನದ ನಾಡಿನವರು ಅದಕ್ಕೆ ಒಂದು ತಾಸು ಕೊಡಲೇಬೇಕು.

ರಸ್ತೆ ದಾಟುವುದು: ಬೈಕುಗಳ ಸಾಲು ನಿಲ್ಲುವುದೇ ಇಲ್ಲ. ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯಿರಿ. ನೀವು ಎಲ್ಲಿಗೆ ಹೋಗುತ್ತೀರೆಂದು ಅಂದಾಜಿಸಿ ಅವರು ಪಕ್ಕಕ್ಕೆ ಸರಿಯುತ್ತಾರೆ. ಗಕ್ಕನೆ ನಿಲ್ಲುವುದು, ಹಿಂದಕ್ಕೆ ಓಡುವುದು ಅಪಾಯ. ಕಾರು, ಬಸ್ಸು ಸರಿಯುವುದಿಲ್ಲ, ಅವುಗಳನ್ನು ಹೋಗಗೊಡಿ.

ಕುಂದಾನಗರಿ (ಬೆಳಗಾವಿ):

ಎಲ್ಲಾರಿಗೂ ಬಹಳ ಉಪಕಾರ ಆತ್ರಿ. ಮೂ ಕಾಂಗ್ ಚಾಯ್ ಪಕ್ಕಾ. ಒಂದ ಪ್ರಶ್ನೆ ಉಳೀತು: ನಮ್ಮ ಮನೆಯವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ ಅಲ್ಲೇ ಬೈಕ್ ಬಾಡಿಗಿ ತಗೊಳ್ಳೋಣ ಅಂತಾರ. ನಡೀತೈತೇನ್ರಿ?

ಮಲಪ್ರಭಾ ದಂಡಿ (ಖಾನಾಪುರ):

ಬ್ಯಾಡ್ರಿ ಅಕ್ಕಾರ. ನಮ್ಮ ಆರ್‌ಟಿಒ ಕೊಡೋ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದು. ಅಂಗಡಿಯವರು ಏನೂ ಕೇಳದ ಬೈಕ್ ಕೊಡ್ತಾರ, ಆದ್ರ ಅಲ್ಲಿ ಅದು ಲೈಸೆನ್ಸ್ ಇಲ್ಲದ ಓಡಿಸಿದಂಗ ಆಗ್ತೈತಿ. ಪೊಲೀಸರು ಹಿಡಿದ್ರ ದಂಡ, ಬೈಕೂ ಜಪ್ತಿ ಆಗಬಹುದು. ಅಪಘಾತ ಆದ್ರ ಪ್ರವಾಸ ವಿಮೆಯವರು ಇದ ಕಾರಣ ತೋರಿಸಿ ರೊಕ್ಕ ಕೊಡಂಗಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ಹೊಡ್ತ.

ಊರಿನ ಬೈಕ್ ಟ್ಯಾಕ್ಸಿಯವರ ಹಿಂದ ಕೂಡ್ರಿ. ಹತ್ತೋ ಮುಂಚೆ ಹೋಗಿ-ಬರೋ ದರ ಫೋನಿನ ಕ್ಯಾಲ್ಕುಲೇಟರಿನಾಗ ಒತ್ತಿ ತೋರಿಸಿ ಒಪ್ಪಿಸ್ಕೊಳ್ರಿ. ಹೆಲ್ಮೆಟ್ ಹಿಂದ ಕೂಡೋರಿಗೂ ಕಡ್ಡಾಯ, ಗದ್ದದ ಪಟ್ಟಿ ಹತ್ತೈತೇನು ನೋಡ್ರಿ. ಅತ್ತೆಯವರು ಸೀರಿ ಉಡೋರಾದ್ರ ಆ ದಿನಕ್ಕ ಚೂಡಿದಾರ ಇರ್ಲಿ, ಎರಡೂ ಕಡೆ ಕಾಲು ಹಾಕಿ ಕೂಡಬೇಕು. ಒಂದ ಕಡೆ ಕಾಲು ಇಟ್ಟು ಕೂತ್ರ ಆ ಏರಿನಾಗ ಬೈಕ್ ವಾಲ್ತೈತಿ. ದುಪಟ್ಟಾ ಸೊಂಟಕ್ಕ ಬಿಗಿದು ಕಟ್ಟಿಸ್ರಿ, ಚೈನಿಗೆ ಸಿಗಬಾರದು.