ಹತ್ತು ತಿಂಗಳ ಮಗುವಿನೊಂದಿಗೆ ಯುರೋಪ್ ಪ್ರವಾಸ: ಕಾರಿಲ್ಲದೆ, ರೈಲನ್ನೇ ನಂಬಿ ಹೊರಡಬಹುದೇ?

ಪ್ರಶ್ನೆ: ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನಾನೂ ನನ್ನ ಪತಿಯೂ ಮಗಳನ್ನು ಕರೆದುಕೊಂಡು ಎರಡು ವಾರಗಳ ಮಟ್ಟಿಗೆ ಯುರೋಪಿಗೆ ಹೋಗಿಬರಬೇಕೆಂದಿದ್ದೇವೆ. ಆ ಹೊತ್ತಿಗೆ ಮಗುವಿಗೆ ಹತ್ತು ತಿಂಗಳು ತುಂಬಿರುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿರುವುದರಿಂದ ಅಲ್ಲಿಂದಲೇ ಪ್ರವಾಸ ಆರಂಭಿಸಿ ಅಲ್ಲಿಂದಲೇ ಮರಳುವ ಯೋಚನೆಯಿದೆ. ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ಸ್ವಿಟ್ಜರ್‌ಲೆಂಡಿನ ಬೆಟ್ಟಗಳು, ಕೊನೆಯಲ್ಲಿ ವೆನಿಸ್, ಇದು ಸದ್ಯಕ್ಕೆ ಹಾಕಿಕೊಂಡಿರುವ ಪಟ್ಟಿ.

ರಸ್ತೆಯ ಬಲಬದಿಯಲ್ಲಿ, ಗುರುತಿಲ್ಲದ ಘಟ್ಟದ ದಾರಿಯಲ್ಲಿ ಕಾರು ಓಡಿಸುವುದು ನಮ್ಮಿಬ್ಬರಿಗೂ ಇಷ್ಟವಿಲ್ಲ. ಆದರೆ ಮನೆಯ ಹಿರಿಯರೂ, ಆ ಕಡೆ ಹೋಗಿಬಂದ ಸ್ನೇಹಿತರೂ "ಕೈಗೂಸು ಇರುವಾಗ ಸ್ವಂತ ಗಾಡಿ ಇಲ್ಲದೆ ಆಗುವ ಮಾತಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದಾರೆ. ಮಗು, ಸ್ಟ್ರೋಲರ್, ಎರಡು ಸೂಟ್‌ಕೇಸ್ ಇಷ್ಟನ್ನೂ ಹಿಡಿದುಕೊಂಡು ರೈಲು ಹತ್ತಿ ಇಳಿಯಲು ಸಾಧ್ಯವೇ? ನಮ್ಮ ಪಟ್ಟಿಯಲ್ಲಿ ಯಾವ ಊರನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು? ಸ್ವಿಟ್ಜರ್‌ಲೆಂಡಿನ ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣವಾದ ಯುಂಗ್‌ಫ್ರೌಯೋಕ್‌ಗೆ ಮಗುವನ್ನು ಕರೆದೊಯ್ಯಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ರೈನ್‌ದಂಡೆ (ಬಾಸೆಲ್)

ಕಾವೇರಿತೀರ ಅವರೇ, ಧೈರ್ಯವಾಗಿ ಹೊರಡಿ. ಮಗು ಇರುವುದರಿಂದಲೇ ಕಾರಿಗಿಂತ ರೈಲು ಮೇಲು ಎಂಬುದು ಇಲ್ಲಿ ನೆಲೆಸಿ ಮಕ್ಕಳನ್ನು ಸಾಕುತ್ತಿರುವ ನನ್ನ ದೃಢವಾದ ಅಭಿಪ್ರಾಯ. ಜರ್ಮನಿಯಲ್ಲಾಗಲಿ ಸ್ವಿಟ್ಜರ್‌ಲೆಂಡಿನಲ್ಲಾಗಲಿ ಕಾರಿನಲ್ಲಿ ಕೂತ ಮಗುವನ್ನು ಕಾನೂನಿನ ಪ್ರಕಾರ ಮಕ್ಕಳ ಸೀಟಿಗೆ ಕಟ್ಟಿಯೇ ಇರಿಸಬೇಕು; ಮಗು ಎಷ್ಟೇ ಅತ್ತರೂ ಗಾಡಿ ಓಡುತ್ತಿರುವಾಗ ಎತ್ತಿಕೊಳ್ಳುವಂತಿಲ್ಲ, ಹಾಲು ಕುಡಿಸುವಂತಿಲ್ಲ. ರೈಲಿನಲ್ಲಾದರೆ ತೊಡೆಯ ಮೇಲೆ ಮಲಗಿಸಬಹುದು, ಡಬ್ಬಿಯ ಉದ್ದಕ್ಕೂ ಎತ್ತಿಕೊಂಡು ಓಡಾಡಬಹುದು, ತಂದೆ ತಾಯಿ ಇಬ್ಬರ ಕೈಯೂ ಮಗುವಿಗೆ ಸಿಗುತ್ತದೆ. ಮೇಲಾಗಿ ಕಾರಿನ ಸೀಟನ್ನು ಮೈಸೂರಿನಿಂದ ಹೊತ್ತು ತರುವ ಕಷ್ಟವೂ ತಪ್ಪುತ್ತದೆ.

ಆದರೆ ನಿಮ್ಮ ಪಟ್ಟಿಯನ್ನು ಮಾತ್ರ ಕೈಬಿಡಬೇಕೆಂದು ವಿನಂತಿಸುತ್ತೇನೆ. ಮಗುವಿನ ಜೊತೆ ದಣಿವು ತರುವುದು ರೈಲಿನ ಪ್ರಯಾಣವಲ್ಲ. ಪ್ರತಿ ಎರಡು ದಿನಕ್ಕೊಮ್ಮೆ ಗಂಟುಮೂಟೆ ಕಟ್ಟಿ ಬಿಚ್ಚಿ, ಹೊಸ ಕೋಣೆಯಲ್ಲಿ ಮಗುವಿಗೆ ಮತ್ತೆ ನಿದ್ದೆ ಹೊಂದಿಸುವ ಕೆಲಸ. ವೆನಿಸ್‌ನಲ್ಲಿ ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲುಗಳಿದ್ದು, ಸ್ಟ್ರೋಲರನ್ನು ಹೆಜ್ಜೆ ಹೆಜ್ಜೆಗೂ ಎತ್ತಬೇಕಾಗುತ್ತದೆ. ಪ್ಯಾರಿಸ್ ಮೆಟ್ರೊದ ಹಳೆಯ ನಿಲ್ದಾಣಗಳಲ್ಲಿ ಬಹುಪಾಲಿಗೆ ಲಿಫ್ಟ್ ಇಲ್ಲ. ಹದಿನಾಲ್ಕನೆಯ ಮಾರ್ಗದಲ್ಲಿ ಇದೆ, ಉಳಿದೆಡೆ ಬಸ್ಸನ್ನೇ ಅವಲಂಬಿಸಬೇಕು. ಎರಡೂ ಸುಂದರವಾದ ಊರುಗಳೇ, ಆದರೆ ಮಗು ತಾನೇ ನಡೆಯುವಂತಾದ ಮೇಲೆ ನೋಡಲು ತಕ್ಕವು. ಈ ಸಲ ಒಂದು ಬೆಟ್ಟ, ಒಂದು ಪಟ್ಟಣ ಸಾಕು.

ಬೆಟ್ಟಕ್ಕೆ ನಾನು ಸೂಚಿಸುವ ಊರು ಸ್ವಿಟ್ಜರ್‌ಲೆಂಡಿನ ವೆಂಗನ್. ಲಾವ್ಟರ್‌ಬ್ರುನ್ನನ್ ಕಣಿವೆಯ ಮೇಲಿನ ಅಂಚಿನಲ್ಲಿ 1274 ಮೀಟರ್ ಎತ್ತರದಲ್ಲಿರುವ ಈ ಹಳ್ಳಿಗೆ ಪ್ರವಾಸಿಗರ ಕಾರು ಹೋಗುವ ರಸ್ತೆಯೇ ಇಲ್ಲ. ಕಡಿದಾದ ಏರು ಹತ್ತಲು ಹಲ್ಲುಳ್ಳ ಹಳಿಯನ್ನು ಹಿಡಿದು ಸಾಗುವ ರೈಲು ಲಾವ್ಟರ್‌ಬ್ರುನ್ನನ್‌ನಿಂದ ಕಾಲು ಗಂಟೆಯಲ್ಲಿ ಮೇಲಕ್ಕೆ ತಲುಪಿಸುತ್ತದೆ. ಕಾರಿನಲ್ಲಿ ಬಂದವರೂ ಕೆಳಗೆ ಗಾಡಿ ನಿಲ್ಲಿಸಿ ಇದೇ ರೈಲು ಹತ್ತಬೇಕು. ಹೋಟೆಲುಗಳ ವಿದ್ಯುತ್ ಗಾಡಿಗಳು ಸಾಮಾನು ಒಯ್ಯಲು ಆಗಾಗ ಸುಳಿದಾಡುವುದನ್ನು ಬಿಟ್ಟರೆ ಬೀದಿಯಲ್ಲಿ ವಾಹನದ ಭಯವಿಲ್ಲ. ಅಂಬೆಗಾಲಿಡುವ ಮಗುವನ್ನು ಹುಲ್ಲಿನ ಮೇಲೆ ಬಿಟ್ಟು ಎದುರಿಗಿನ ಹಿಮಶಿಖರಗಳನ್ನು ನೋಡುತ್ತ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಳ್ಳಿಯ ದಾರಿಗಳು ಏರಿಳಿತದವು, ಆದ್ದರಿಂದ ನಿಲ್ದಾಣಕ್ಕೆ ಹತ್ತಿರದ, ಅಡುಗೆಮನೆಯಿರುವ ಬಾಡಿಗೆ ಮನೆಯನ್ನು ಹುಡುಕಿ, ಮಗುವಿನ ಮಂಚ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ದಾರಿ ಹೀಗೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೇ ಹೊಂದಿಕೊಂಡು ದೂರದ ರೈಲುಗಳ ನಿಲ್ದಾಣವಿದ್ದು, ಅಲ್ಲಿಂದ ಬಾಸೆಲ್‌ಗೆ ನೇರವಾದ ಐಸಿಇ ಎಂಬ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ಟಿಕೆಟ್ ಮಾಡಿಸುವಾಗ ಆಸನ ಕಾಯ್ದಿರಿಸುವ ಹಂತದಲ್ಲಿ "ಕ್ಲೈನ್‌ಕಿಂಡ್‌ಆಪ್ಟೈಲ್" ಎಂಬ ಆಯ್ಕೆಯನ್ನು ಹುಡುಕಿ. ಎಳೆಯ ಮಕ್ಕಳ ಕುಟುಂಬಗಳಿಗೆಂದೇ ಇರುವ ಬಾಗಿಲು ಮುಚ್ಚುವ ಕೋಣೆ ಅದು, ಸ್ಟ್ರೋಲರ್ ನಿಲ್ಲಿಸಲು ಜಾಗವಿರುತ್ತದೆ, ನಿಶ್ಚಿಂತೆಯಿಂದ ಹಾಲು ಕುಡಿಸಬಹುದು. ಅಗ್ಗದ ಟಿಕೆಟ್ ಒಂದು ನಿರ್ದಿಷ್ಟ ರೈಲಿಗೆ ಕಟ್ಟುಬಿದ್ದಿರುತ್ತದೆ. ವಿಮಾನ ಇಳಿದ ದಿನ ಏನು ತಡವಾಗುತ್ತದೋ ಹೇಳಲಾಗದ್ದರಿಂದ, ಆ ಒಂದು ದಿನಕ್ಕೆ ಯಾವ ರೈಲಿಗೂ ಸಲ್ಲುವ ದುಬಾರಿ ಟಿಕೆಟ್ಟೇ ಲೇಸು. ಅದೇ ದಿನ ಬೆಟ್ಟ ಹತ್ತಬೇಡಿ, ಬಾಸೆಲ್‌ನಲ್ಲಿ ಉಳಿದು ಸುಧಾರಿಸಿಕೊಳ್ಳಿ. ಇಲ್ಲಿನ ಹೋಟೆಲಿನಲ್ಲಿ ತಂಗುವವರಿಗೆ ಊರಿನ ಟ್ರಾಮ್, ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವ ಕಾರ್ಡು ಕೊಡುತ್ತಾರೆ.

ಬಾಸೆಲ್‌ನಿಂದ ಇಂಟರ್‌ಲಾಕನ್ ಓಸ್ಟ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಲಾವ್ಟರ್‌ಬ್ರುನ್ನನ್‌ಗೆ ಇಪ್ಪತ್ತು ನಿಮಿಷ. ಒಂದು ಎಚ್ಚರಿಕೆ: ಇಂಟರ್‌ಲಾಕನ್‌ನಿಂದ ಹೊರಡುವ ಪುಟ್ಟ ರೈಲು ನಡುದಾರಿಯ ಸ್ವೈಲ್ಯುಚಿನನ್‌ನಲ್ಲಿ ಎರಡಾಗಿ ಬೇರ್ಪಟ್ಟು ಒಂದು ಭಾಗ ಗ್ರಿಂಡೆಲ್‌ವಾಲ್ಡ್ ಕಡೆಗೆ ಹೋಗುತ್ತದೆ. ಸ್ಟ್ರೋಲರ್‌ಗೆ ಜಾಗ ಹುಡುಕುತ್ತ ಒಬ್ಬರು ಒಂದು ಡಬ್ಬಿ, ಇನ್ನೊಬ್ಬರು ಮತ್ತೊಂದು ಡಬ್ಬಿ ಹತ್ತದೆ, ಡಬ್ಬಿಯ ಮೇಲಿನ ಊರಿನ ಹೆಸರು ಓದಿಕೊಂಡೇ ಒಟ್ಟಿಗೆ ಹತ್ತಿ. ಸ್ವಿಟ್ಜರ್‌ಲೆಂಡಿನ ವೇಳಾಪಟ್ಟಿ 1982ರಿಂದ ಗಡಿಯಾರಕ್ಕೆ ಹೊಂದಿಸಿದ್ದು, ಮುಖ್ಯ ಮಾರ್ಗಗಳಲ್ಲಿ ಗಂಟೆಗೊಮ್ಮೆ ಇಲ್ಲವೆ ಅರ್ಧ ಗಂಟೆಗೊಮ್ಮೆ ಅದೇ ನಿಮಿಷಕ್ಕೆ ರೈಲು ಬರುತ್ತದೆ. ರೈಲು ಬದಲಾಯಿಸಲು ರೈಲ್ವೆಯ ಆ್ಯಪ್ ತೋರಿಸುವ ಐದಾರು ನಿಮಿಷ ಒಂಟಿ ಪ್ರಯಾಣಿಕರಿಗೆ ಸಾಕು. ನೀವು ಓಡದೆ, ಮಗುವಿನ ಡೈಪರ್ ಬದಲಾಯಿಸಿ, ನಿಧಾನವಾಗಿ ಮುಂದಿನ ರೈಲನ್ನೇ ಹಿಡಿಯಿರಿ. ಎರಡಂತಸ್ತಿನ ಇಂಟರ್‌ಸಿಟಿ ರೈಲುಗಳಲ್ಲಿ ಕುಟುಂಬಗಳಿಗೆಂದೇ ಒಂದು ಡಬ್ಬಿಯಿದ್ದು ಅದರ ಮೇಲಂತಸ್ತಿನಲ್ಲಿ ಮಕ್ಕಳು ಆಡಲು ಜಾರುಬಂಡೆಯನ್ನೂ ಇಟ್ಟಿದ್ದಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಿಮ್ಮಿಬ್ಬರಿಗೆ ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡರೆ ವೆಂಗನ್‌ವರೆಗಿನ ರೈಲೂ ಬ್ರಿಯೆಂಜ್, ಥುನ್ ಸರೋವರಗಳ ದೋಣಿಗಳೂ ಅದರಲ್ಲೇ ಸೇರುತ್ತವೆ.

ಉತ್ತರ: ಹೊಂಗೆನೆರಳು (ಶಿವಮೊಗ್ಗ)

ನಾನು ಮಕ್ಕಳ ವೈದ್ಯೆ. ಯುಂಗ್‌ಫ್ರೌಯೋಕ್ ಬಗ್ಗೆ ಕೇಳಿದ್ದೀರಿ, ಅದನ್ನು ಮೊದಲು ಹೇಳುತ್ತೇನೆ: ಈ ಸಲ ಬೇಡ. ಅಲ್ಲಿನ ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ. ಇಂಟರ್‌ಲಾಕನ್‌ನಿಂದ ಸುಮಾರು ಎರಡು ಗಂಟೆಯೊಳಗೆ ಅಷ್ಟು ಎತ್ತರ ಏರಿಬಿಡುತ್ತೀರಿ. ದೊಡ್ಡವರು ತಲೆನೋವು, ಸುಸ್ತು ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ, ಹತ್ತು ತಿಂಗಳ ಮಗು ಅಳುವುದನ್ನು ಬಿಟ್ಟು ಏನನ್ನೂ ಹೇಳಲಾರದು, ಆ ಅಳು ಹಸಿವಿನದೋ ಎತ್ತರದ್ದೋ ಎಂದು ತಾಯಿಗೂ ತಿಳಿಯುವುದಿಲ್ಲ. 2500 ಮೀಟರ್‌ಗಿಂತ ಮೇಲಕ್ಕೆ ಕೈಗೂಸುಗಳನ್ನು ಕರೆದೊಯ್ಯಬೇಡಿ ಎಂದೇ ನಾನು ತಂದೆ ತಾಯಂದಿರಿಗೆ ಹೇಳುವುದು. ವೆಂಗನ್‌ನಿಂದ ಕೇಬಲ್ ಕಾರಿನಲ್ಲಿ ಹೋಗಬಹುದಾದ ಮೆನ್‌ಲಿಶನ್ ಸುಮಾರು 2200 ಮೀಟರ್. ಆರೋಗ್ಯವಂತ ಮಗುವನ್ನು ಅಲ್ಲಿಗೆ ಒಂದೆರಡು ಗಂಟೆ ಕರೆದೊಯ್ಯಲು ಅಡ್ಡಿಯಿಲ್ಲ. ಹತ್ತುವಾಗ ಇಳಿಯುವಾಗ ಹಾಲು ಕುಡಿಸುತ್ತಿದ್ದರೆ ಕಿವಿ ನೋಯುವುದು ಕಡಿಮೆಯಾಗುತ್ತದೆ, ವಿಮಾನದಲ್ಲಿಯೂ ಅಷ್ಟೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಆ ದಿನ ಕೆಳಗೇ ಇರಿ. ಮಗುವಿಗೆ ಹೃದಯದ ಅಥವಾ ಶ್ವಾಸದ ತೊಂದರೆ ಏನಾದರೂ ಇದ್ದರೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನೇ ಕೇಳಬೇಕು.

ನಿದ್ದೆಯ ವಿಷಯವನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ, ಹಾಗಾಗಿ ಮೈಸೂರಿನಲ್ಲಿ ಬೆಳಿಗ್ಗೆ ಆರಕ್ಕೆ ಏಳುವ ಮಗು ಮೊದಲ ಕೆಲವು ದಿನ ನಡುರಾತ್ರಿ ಎರಡೂವರೆಗೇ ಕಣ್ಣು ಬಿಡುತ್ತದೆ. ಇತ್ತ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುವುದರಿಂದ ಬೇಗ ಮಲಗುವುದೂ ಇಲ್ಲ. ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ಕೇಳಿ ಕೋಣೆ ಹಿಡಿಯಿರಿ. ಸಂಜೆಯ ಹೊತ್ತು ಮಗುವನ್ನು ಹೊರಗಿನ ಬೆಳಕಿಗೆ ಒಯ್ದರೆ ಹೊಸ ವೇಳೆಗೆ ಬೇಗ ಹೊಂದಿಕೊಳ್ಳುತ್ತದೆ. ರೈನ್‌ದಂಡೆಯವರು ಬಾಸೆಲ್‌ನಲ್ಲಿ ಉಳಿಯಿರಿ ಎಂದದ್ದು ಈ ಕಾರಣಕ್ಕೂ ಸರಿ.

ರಾಗಿ ಸರಿಯ ಹಿಟ್ಟನ್ನು ಗಾಳಿಯಾಡದಂತೆ ಕಟ್ಟಿಕೊಂಡು ಹೋಗಿ. ತುಪ್ಪ, ಖೋವಾ, ಪೇಡೆಗಳನ್ನು ಮಾತ್ರ ಇಡಬೇಡಿ, ಹೊರದೇಶಗಳಿಂದ ಹಾಲಿನ ಪದಾರ್ಥಗಳನ್ನು ತರುವುದನ್ನು ಯುರೋಪಿನ ನಿಯಮ ಒಪ್ಪುವುದಿಲ್ಲ. ಶಿಶುಗಳ ಹಾಲಿನ ಪುಡಿಗೆ ಮಾತ್ರ, ಕಂಪನಿಯ ಮುದ್ರೆ ಒಡೆಯದ ಡಬ್ಬಿಯಲ್ಲಿದ್ದರೆ, ಎರಡು ಕಿಲೋವರೆಗೆ ವಿನಾಯಿತಿಯಿದೆ. ನಲ್ಲಿಯ ನೀರು ಕುಡಿಯಲು ಯೋಗ್ಯ. ಸ್ವಿಟ್ಜರ್‌ಲೆಂಡಿನಲ್ಲಿ ಆಂಬುಲೆನ್ಸ್ ಸಂಖ್ಯೆ 144, ಯುರೋಪಿನಾದ್ಯಂತ ತುರ್ತು ಸಂಖ್ಯೆ 112. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಕಾವೇರಿತೀರ (ಮೈಸೂರು)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಯುಂಗ್‌ಫ್ರೌಯೋಕ್, ವೆನಿಸ್, ಆಮ್‌ಸ್ಟರ್‌ಡ್ಯಾಂ ಮೂರನ್ನೂ ಬಿಟ್ಟೆವು. ಆದರೆ ನನ್ನ ಪತಿಗೆ ಫ್ರಾನ್ಸಿನ ಒಂದು ಊರನ್ನಾದರೂ ನೋಡುವ ಆಸೆ ಬಹಳವಿದೆ. ಪ್ಯಾರಿಸ್‌ಗೆ ಬದಲಾಗಿ ಸ್ಟ್ರೋಲರ್‌ಗೆ ಒಗ್ಗುವ, ಮರಳಿ ಫ್ರಾಂಕ್‌ಫರ್ಟ್ ಸೇರುವ ದಾರಿಯಲ್ಲೇ ಇರುವ ಊರು ಯಾವುದಾದರೂ ಇದೆಯೇ? ಮಗುವಿಗೂ ಬೇರೆಯದೇ ವೀಸಾ ಬೇಕೇ?

ಉತ್ತರ: ತುಂಗಾತಟ (ಕಾರ್ಲ್ಸ್‌ರೂಹೆ)

ನಿಮಗೆ ಬೇಕಾದ ಊರು ಸ್ಟ್ರಾಸ್‌ಬರ್ಗ್. ಬಾಸೆಲ್‌ನಿಂದ ನೇರ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರವಾಗಿ ಹೋಗುವ ವೇಗದ ರೈಲುಗಳಿಗೆ ಎರಡು ಗಂಟೆಯೂ ಹಿಡಿಯುವುದಿಲ್ಲ. ಈ ಊರು 1994ರಲ್ಲಿ ಟ್ರಾಮನ್ನು ಮರಳಿ ತಂದಾಗ, ನೆಲಮಟ್ಟದ ಬಾಗಿಲುಳ್ಳ ಗಾಡಿಗಳನ್ನೇ ಆರಿಸಿಕೊಂಡಿತು, ಜೊತೆಗೆ ನಡುಪೇಟೆಯ ಬೀದಿಗಳಿಂದ ಕಾರುಗಳನ್ನು ಹೊರಗಟ್ಟಿತು. ಅದರ ಫಲವಾಗಿ ಇವತ್ತು ಸ್ಟ್ರೋಲರನ್ನು ಎತ್ತದೆಯೇ ಟ್ರಾಮಿಗೆ ತಳ್ಳಿಕೊಂಡು ಹೋಗಬಹುದು. ಊರಿನ ದೊಡ್ಡ ಚರ್ಚಿನ ಸುತ್ತಮುತ್ತ ಹಳೆಯ ಕಲ್ಲುಹಾಸಿದೆ, ಸಣ್ಣ ಗಾಲಿಗಳು ಸಿಕ್ಕಿಕೊಳ್ಳುತ್ತವೆ. ಅಲ್ಲಿಗೆ ಮಗುವನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ಹೋಗುವುದೇ ಅನುಕೂಲ. ಓರಾಂಜರಿ ಉದ್ಯಾನದಲ್ಲಿ ಮರಗಳ ಮೇಲೆ ಗೂಡು ಕಟ್ಟಿರುವ ಕೊಕ್ಕರೆಗಳನ್ನು ನೋಡುತ್ತ ಮಗುವೂ ನೀವೂ ಅರ್ಧ ದಿನ ಕಳೆಯಬಹುದು.

ಒಂದು ವಿಷಯದಲ್ಲಿ ಮಾತ್ರ, ಒಂದು ಬೆಟ್ಟ, ಒಂದು ಪಟ್ಟಣ ಸಾಕು ಎಂದ ರೈನ್‌ದಂಡೆಯವರಿಗಿಂತ ನಾನು ಬೇರೆ ಅಭಿಪ್ರಾಯ ಹೊಂದಿದ್ದೇನೆ. ಜೂನ್‌ನಲ್ಲಿಯೂ ಬೆಟ್ಟದಲ್ಲಿ ಮೂರು ದಿನ ಎಡೆಬಿಡದೆ ಮಳೆ ಹಿಡಿಯುವುದುಂಟು, ಆಗ ಚಿಕ್ಕ ಹಳ್ಳಿಯಲ್ಲಿ ಮಗುವಿನೊಂದಿಗೆ ಮನೆಯೊಳಗೇ ಕೂರಬೇಕಾಗುತ್ತದೆ. ಆದ್ದರಿಂದ ವೆಂಗನ್‌ಗೆ ಒಂದು ವಾರ ಮೀಸಲಿಟ್ಟು, ಉಳಿದ ದಿನಗಳನ್ನು ಬಾಸೆಲ್ ಮತ್ತು ಸ್ಟ್ರಾಸ್‌ಬರ್ಗ್‌ಗೆ ಹಂಚುವುದು ಒಳ್ಳೆಯದೆನಿಸುತ್ತದೆ.

ವೀಸಾ ಮಗುವಿಗೂ ಬೇಕು. ಅದಕ್ಕೆ ಅದರದೇ ಪಾಸ್‌ಪೋರ್ಟ್, ಅದರದೇ ಅರ್ಜಿ, ಫೋಟೊ, ವಿಮೆ ಎಲ್ಲವೂ ಬೇರೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಆರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ, ಹನ್ನೆರಡರೊಳಗಿನವರಿಗೆ ಬೆರಳಚ್ಚೂ ಇಲ್ಲ. ಹೆಚ್ಚು ದಿನ ಯಾವ ದೇಶದಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕಾದ್ದರಿಂದ ನಿಮ್ಮದು ಸ್ವಿಟ್ಜರ್‌ಲೆಂಡಿಗೆ ಹೋಗಬೇಕು, ಅದೊಂದೇ ವೀಸಾ ಜರ್ಮನಿಗೂ ಫ್ರಾನ್ಸಿಗೂ ಸಲ್ಲುತ್ತದೆ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಸ್ವೀಕರಿಸುತ್ತಾರೆ. ಬೇಸಿಗೆಗೆ ಭೇಟಿಯ ಸಮಯ ಸಿಗುವುದು ಕಷ್ಟವಾಗುವುದರಿಂದ, ಮಗುವಿನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲವಾದರೆ ಈ ವಾರವೇ ಆ ಕೆಲಸ ಹಿಡಿಯಿರಿ. ವಿಮಾನದಲ್ಲಿ ಮಗುವಿನ ತೊಟ್ಟಿಲು ಮುಂದಿನ ಗೋಡೆಯ ಸಾಲಿನಲ್ಲಿ ಮಾತ್ರ ಇದ್ದು ತೂಕಕ್ಕೂ ಉದ್ದಕ್ಕೂ ಮಿತಿಯಿದೆ, ಟಿಕೆಟ್ ಕೊಂಡ ದಿನವೇ ಫೋನ್ ಮಾಡಿ ಕೇಳಿ.

ಡೈಪರ್‌ಗಳನ್ನು ಊರಿನಿಂದ ತುಂಬಿಕೊಂಡು ಬರುವ ಅಗತ್ಯವಿಲ್ಲ, ಎರಡು ದಿನಕ್ಕಾಗುವಷ್ಟು ಸಾಕು. ಆದರೆ ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ; ತೆರೆದಿರುವುದು ಮುಖ್ಯವಾಗಿ ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಆದ್ದರಿಂದ ಶನಿವಾರವೇ ಕೊಂಡಿಡಿ. ಸ್ಟ್ರಾಸ್‌ಬರ್ಗ್‌ನಲ್ಲಿರುವಾಗ ಬೇಕಾದರೆ ಡಿ ಮಾರ್ಗದ ಟ್ರಾಮ್ ಹತ್ತಿ. 2017ರಿಂದ ಅದು ರೈನ್ ನದಿ ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗುತ್ತದೆ, ಸ್ಟ್ರಾಸ್‌ಬರ್ಗ್‌ನ ಅನೇಕ ತಾಯಂದಿರು ಡೈಪರ್, ಮಗುವಿನ ಸೋಪು, ಆಹಾರದ ಶೀಶೆಗಳನ್ನು ಕಡಿಮೆ ಬೆಲೆಗೆ ಕೊಳ್ಳಲು ಅಲ್ಲಿನ ಡಿಎಂ ಎಂಬ ದಿನಬಳಕೆ ವಸ್ತುಗಳ ಅಂಗಡಿಗೇ ಹೋಗುತ್ತಾರೆ.